ಕೇಳಬೇಕಾದದ್ದನ್ನು ಏಳನೇ ತಿಂಗಳಲ್ಲೇ ಕೇಳಿ

ಹೆರಿಗೆ ನೋವು ಜೋರಾದ ಮೇಲೆ ಯಾರಿಗೂ ಸಾವಧಾನವಾಗಿ ಪ್ರಶ್ನೆ ಕೇಳುವ ತ್ರಾಣ ಇರುವುದಿಲ್ಲ. ಸರಿಯಾಗಿ ಆ ಹೊತ್ತಿಗೇ ಸಿಸ್ಟರ್ ಒಬ್ಬರು ರಟ್ಟಿಗೆ ಸಿಕ್ಕಿಸಿದ ನಾಲ್ಕೈದು ಹಾಳೆ ಹಿಡಿದು ಬರುತ್ತಾರೆ. ಪೆನ್ನಿನ ತುದಿಯಿಂದ ಜಾಗ ತೋರಿಸುತ್ತಾ, ‘ಇಲ್ಲೊಂದು, ಇಲ್ಲೊಂದು, ಹಿಂದ್ಗಡೆ ಇನ್ನೊಂದು’ ಎನ್ನುತ್ತಾರೆ. ಅಕ್ಷರ ಸಣ್ಣದು, ಭಾಷೆ ಇಂಗ್ಲಿಷು. ಒಂದು ನೋವು ಇಳಿದು ಇನ್ನೊಂದು ಏರುವ ಮೊದಲು ಹುಡುಗಿ ಹೇಗೋ ಗೀಚಿ ಮುಗಿಸುತ್ತಾಳೆ. ಹೊರಗೆ ಗಂಡನ ಸಹಿಯೂ ಆಗುತ್ತದೆ. ಕಡತದ ಮಟ್ಟಿಗೆ ಇದು ಒಪ್ಪಿಗೆ. ಆದರೆ ಪ್ರಸೂತಿ ವೈದ್ಯೆಯಾಗಿ ನಾನು ಒಪ್ಪಿಗೆ ಎಂದು ಕರೆಯುವುದು, ಆ ಹಾಳೆ ಬರುವುದಕ್ಕೂ ಎರಡು ತಿಂಗಳು ಮೊದಲು, ನೋವಿಲ್ಲದ ಒಂದು ದಿನ ಓಪಿಡಿಯಲ್ಲಿ ಕೂತು ಆಡಿದ ಮಾತನ್ನು.

ಓಪಿಡಿಯಲ್ಲಾದರೂ ಆ ಮಾತು ಸುಲಭಕ್ಕೆ ನಡೆಯುವುದಿಲ್ಲ. ‘ಮಗು ಓಡಾಟ ಗೊತ್ತಾಗ್ತಿದೆಯೇನಮ್ಮಾ?’ ಎಂದು ಗರ್ಭಿಣಿಯನ್ನು ಕೇಳಿದರೆ, ‘ಚೆನ್ನಾಗಿ ಆಡ್ತದೆ ಡಾಕ್ಟ್ರೇ’ ಎಂದು ಅತ್ತೆಯವರು ಉತ್ತರ ಕೊಡುತ್ತಾರೆ. ಅವರದು ಕಾಳಜಿಯೇ, ಅನುಮಾನವಿಲ್ಲ. ಆದರೆ ಮಗು ಒದೆಯುತ್ತಿರುವುದು ಅವರ ಹೊಟ್ಟೆಯಲ್ಲಲ್ಲ. ಗಂಡನದು ಒಂದೇ ಪ್ರಶ್ನೆ: ‘ನಾರ್ಮಲ್ ಆಗುತ್ತಲ್ವಾ?’ ಇದಕ್ಕೆ ಪ್ರಾಮಾಣಿಕ ಉತ್ತರ ಯಾವ ವೈದ್ಯರ ಹತ್ತಿರವೂ ಇಲ್ಲ. ಅದರ ಬದಲು ‘ನಿಮ್ಮಲ್ಲಿ ಚೊಚ್ಚಲು ಹೆರಿಗೆಗೆ ಬಂದವರಲ್ಲಿ ಎಷ್ಟು ಜನಕ್ಕೆ ಸಿಸೇರಿಯನ್ ಆಗುತ್ತದೆ? ಹೆಚ್ಚಾಗಿ ಯಾವ ಕಾರಣಕ್ಕೆ?’ ಎಂದು ಕೇಳಿ ನೋಡಿ. ಉತ್ತರ ಸಿಗುತ್ತದೆ. ಉತ್ತರ ಕೊಡುವ ಧಾಟಿಯಲ್ಲೇ ನಿಮಗೆ ಅರ್ಧ ವಿಷಯ ಗೊತ್ತಾಗಿಬಿಡುತ್ತದೆ.

ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಲು ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5ರಷ್ಟು ಸಿಸೇರಿಯನ್. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 23.6 ಇತ್ತು. ದೇಶದ ಒಟ್ಟು ಲೆಕ್ಕ ತೆಗೆದುಕೊಂಡರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3, ಖಾಸಗಿಯಲ್ಲಿ ಶೇ 47.4. ಆಸ್ಪತ್ರೆಯ ಬಾಗಿಲು ಬದಲಾದ ಮಾತ್ರಕ್ಕೆ ಹೆಂಗಸರ ಮೈಕಟ್ಟು ಬದಲಾಗುವುದಿಲ್ಲವಲ್ಲ. ಹಾಗೆಂದು ಅಂಕಿಯೊಂದನ್ನೇ ಹಿಡಿದು ತೀರ್ಪು ಕೊಡಬೇಡಿ. ಸುತ್ತಲಿನ ತಾಲ್ಲೂಕುಗಳಿಂದ ಕಷ್ಟದ ಕೇಸುಗಳೆಲ್ಲ ಬಂದು ಸೇರುವ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆಚ್ಚಿರುವುದು ಸಹಜ. ಅದಕ್ಕೇ ಸಂಖ್ಯೆಯ ಜೊತೆಗೆ ಕಾರಣವನ್ನೂ ಕೇಳಿ ಎಂದೆ.

ಒಪ್ಪಿಗೆ ಯಾರದು ಎಂಬ ಬಗ್ಗೆ ನಮ್ಮ ಮನೆಗಳಲ್ಲಿ ಗೊಂದಲವಿದ್ದರೂ ಕಾನೂನಿನಲ್ಲಿ ಇಲ್ಲ. 1995ರಲ್ಲಿ ದೆಹಲಿಯ ಸಮೀರಾ ಕೊಹ್ಲಿ ಎಂಬ 44 ವರ್ಷದ ಅವಿವಾಹಿತ ಮಹಿಳೆ ಮುಟ್ಟಿನ ತೊಂದರೆಗೆಂದು ವೈದ್ಯರ ಬಳಿ ಹೋಗಿದ್ದರು. ಒಳಗೆ ಏನಾಗಿದೆ ಎಂದು ನೋಡುವ ಲ್ಯಾಪರೋಸ್ಕೋಪಿಗೆ ಅವರು ಒಪ್ಪಿದ್ದರು. ಅರಿವಳಿಕೆಯಲ್ಲಿದ್ದಾಗ, ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ವೈದ್ಯರು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು: ಪ್ರಾಪ್ತ ವಯಸ್ಸಿನ ಹೆಂಗಸಿನ ಪರವಾಗಿ ಹೆತ್ತ ತಾಯಿಯೂ ಒಪ್ಪಿಗೆ ಕೊಡಲಾಗದು, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು, ಜೀವಕ್ಕೆ ಕುತ್ತು ಬಂದು ತಡಮಾಡುವಂತಿಲ್ಲದಿದ್ದರೆ ಮಾತ್ರ ವಿನಾಯಿತಿ. ವೈದ್ಯರು ಏನೇನು ತಿಳಿಸಬೇಕು ಎಂಬುದನ್ನೂ ಕೋರ್ಟೇ ಹೇಳಿತು. ಏನು ಮಾಡುತ್ತಾರೆ, ಯಾಕೆ, ಅದರಿಂದ ಏನು ಲಾಭ, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗಬಹುದು. ಗರ್ಭಿಣಿಯರು ಕೇಳಬೇಕಾದ ಪ್ರಶ್ನೆಗಳೂ ಇವೇ. ಇವನ್ನು ಕೇಳಿದರೆ ಡಾಕ್ಟರಿಗೆ ಅವಮಾನ ಮಾಡಿದಂತಲ್ಲ. ಸಿಟ್ಟಾಗುವ ಡಾಕ್ಟರುಗಳೂ ಇದ್ದಾರೆ, ನಿಜ. ಅಂಥವರು ಯಾರೆಂದು ಏಳನೇ ತಿಂಗಳಲ್ಲೇ ಗೊತ್ತಾದರೆ ಬೇರೆಯವರನ್ನು ಹುಡುಕಲು ಸಮಯವಾದರೂ ಇರುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋಗುತ್ತಾಳೆ. ಬೆಂಗಳೂರಿನಲ್ಲಿ ಏಳು ತಿಂಗಳು ನೋಡಿದ ವೈದ್ಯರು ಒಬ್ಬರು, ಶಿರಸಿಯಲ್ಲೋ ಸಿಂಧನೂರಿನಲ್ಲೋ ಹೆರಿಗೆ ಮಾಡಿಸುವವರು ಇನ್ನೊಬ್ಬರು. ಮೊದಲನೆಯವರ ಜೊತೆ ಆಡಿದ ಮಾತು ಯಾವುದೂ ಎರಡನೆಯವರಿಗೆ ಗೊತ್ತಿರುವುದಿಲ್ಲ. ತಾಯಿ ಕಾರ್ಡ್, ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ರಿಪೋರ್ಟ್, ರಕ್ತದ ಗುಂಪು, ಸಕ್ಕರೆ ಮತ್ತು ಥೈರಾಯ್ಡ್ ವರದಿಗಳನ್ನು ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ಮೊದಲ ಸ್ಕ್ಯಾನ್ ಯಾಕೆ ಮುಖ್ಯವೆಂದರೆ, ದಿನ ತುಂಬಿದೆಯೋ ಇಲ್ಲವೋ ಎಂಬ ಲೆಕ್ಕ ಅದರಿಂದಲೇ ಹೆಚ್ಚು ಸರಿಯಾಗಿ ಸಿಗುತ್ತದೆ. ಒಂಬತ್ತನೇ ತಿಂಗಳ ಸ್ಕ್ಯಾನಿನಲ್ಲಿ ಬರುವ ತಾರೀಖು ಎರಡು ಮೂರು ವಾರ ಆಚೀಚೆ ಆಗಬಹುದು. ಹೊಸ ವೈದ್ಯರನ್ನು ನೋವು ಬಂದ ರಾತ್ರಿ ಮೊದಲ ಸಲ ನೋಡುವಂತಾಗದಿರಲಿ. ತವರಿಗೆ ಹೋದ ವಾರದಲ್ಲೇ ಭೇಟಿಯಾಗಿ.

ಕೊನೆಯ ವಾರಗಳಲ್ಲಿ ಕಿವಿಗೆ ಬೀಳುವ ಮೂರು ಮಾತುಗಳಿವೆ. ‘ನೀರು ಕಡಿಮೆಯಾಗಿದೆ’, ‘ಬಳ್ಳಿ ಸುತ್ತಿಕೊಂಡಿದೆ’, ‘ಡೇಟ್ ಮುಗಿದಿದೆ’. ಮೂರೂ ನಿಜವಿರಬಹುದು, ಮೂರರ ತೂಕ ಮಾತ್ರ ಒಂದೇ ಅಲ್ಲ. ಮಗುವಿನ ಸುತ್ತಲಿನ ನೀರಿಗೊಂದು ಅಳತೆ ಇದೆ. ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಅಳೆದು ಕೂಡಿದಾಗ 5 ಸೆಂಟಿಮೀಟರಿಗಿಂತ ಕೆಳಗಿದ್ದರೆ ನಾವು ಕಡಿಮೆ ಎನ್ನುತ್ತೇವೆ. ಆದ್ದರಿಂದ ‘ಎಷ್ಟಿದೆ ಡಾಕ್ಟ್ರೇ? ಮಗು ಬೆಳವಣಿಗೆ, ರಕ್ತಸಂಚಾರ ಸರಿ ಇದೆಯಾ? ಎರಡು ದಿನ ಬಿಟ್ಟು ಇನ್ನೊಂದ್ಸಲ ನೋಡಬಹುದಾ?’ ಎಂದು ಕೇಳುವುದರಲ್ಲಿ ಅರ್ಥವಿದೆ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡೇ ಹುಟ್ಟುವ ಮಕ್ಕಳು ನಾಲ್ಕೈದಕ್ಕೆ ಒಂದರಂತೆ ಸಿಗುತ್ತವೆ. ತಲೆ ಹೊರಬಂದ ಕೂಡಲೇ ಬೆರಳಿನಿಂದ ಬಳ್ಳಿಯನ್ನು ಸರಿಸುತ್ತೇವೆ, ಅಷ್ಟೆ. ಸ್ಕ್ಯಾನಿನಲ್ಲಿ ಬಳ್ಳಿ ಕಂಡಿತು ಎಂಬುದೊಂದೇ ಸಿಸೇರಿಯನ್ನಿಗೆ ಕಾರಣವಾಗಲಾರದು. ಇನ್ನು ಡೇಟು: ಕೊಟ್ಟ ತಾರೀಖಿನ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ಬಿಪಿ, ಸಕ್ಕರೆ ಏನೂ ಇಲ್ಲದಿದ್ದರೆ 40 ವಾರ ದಾಟಿದ ಮರುದಿನವೇ ಗಾಬರಿ ಬೇಡ, 42 ವಾರ ದಾಟಿಸುವುದೂ ಬೇಡ. ನಡುವಿನ ದಿನಗಳಲ್ಲಿ ಕಾಯುವುದೋ, ನೋವು ಬರಿಸುವುದೋ ಎಂಬುದು ಮಾತಾಡಿ ತೀರ್ಮಾನಿಸುವ ವಿಷಯ.

ನೋವು ಬರಿಸಿದರೆ ಕೊನೆಗೆ ಸಿಸೇರಿಯನ್ನೇ ಗತಿ ಎಂದು ಅಕ್ಕಪಕ್ಕದವರು ಹೇಳುತ್ತಾರೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 6,000ಕ್ಕೂ ಹೆಚ್ಚು ಚೊಚ್ಚಲು ಗರ್ಭಿಣಿಯರಿದ್ದರು; 39ನೇ ವಾರದಲ್ಲಿ ನೋವು ಬರಿಸುವ ಗುಂಪಿನಲ್ಲಿ ಶೇ 18.6, ಕಾಯುವ ಗುಂಪಿನಲ್ಲಿ ಶೇ 22.2 ಸಿಸೇರಿಯನ್ ಆಯಿತು. ಅಂದರೆ ಭಯದಷ್ಟು ನಿಜವಿಲ್ಲ. ಆದರೆ ಗರ್ಭಕೋಶದ ಬಾಯಿ ಇನ್ನೂ ಮೆತ್ತಗಾಗದೆ, ಡ್ರಿಪ್ ಹಾಕಿ ಸಂಜೆಯೊಳಗೆ ಮುಗಿಯಬೇಕು ಎಂದು ಅವಸರಿಸಿದರೆ ಕಥೆ ಬೇರೆ. ‘ಎಷ್ಟು ಹೊತ್ತು ಕಾಯುತ್ತೀರಿ?’ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ನಿಜವಾದ ಹೆರಿಗೆ ನೋವಿನ ಚುರುಕಿನ ಹಂತ ಶುರುವಾಗುವುದು ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ತಾಸಿಗೊಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಎಂದೂ ಹೇಳಿದೆ. ಮಾಮೂಲಿ ಎಂಬಂತೆ ಎಲ್ಲರಿಗೂ ಎನಿಮಾ ಕೊಡುವುದು, ಕೂದಲು ಬೋಳಿಸುವುದು, ಕೆಳಗೆ ಕಟ್ ಮಾಡಿ ಹೊಲಿಗೆ ಹಾಕುವುದು, ಹೊಟ್ಟೆಯ ಮೇಲೆ ಒತ್ತಿ ಮಗುವನ್ನು ತಳ್ಳುವುದು, ಇವು ಯಾವುವೂ ಬೇಕಿಲ್ಲ ಎಂಬುದು ಅದೇ ಮಾರ್ಗಸೂಚಿಯ ಮಾತು. ತೊಂದರೆಯಿಲ್ಲದ ಹೆರಿಗೆಯಲ್ಲಿ ನೀರು, ಗಂಜಿ, ಎಳನೀರು ಕುಡಿಯಬಹುದು, ಓಡಾಡಬಹುದು, ಒರಗಿ ಕೂರಬಹುದು. ಹೊಟ್ಟೆ ಒತ್ತುವುದನ್ನಂತೂ ‘ನನಗೆ ಬೇಡ’ ಎಂದು ಮೊದಲೇ ಹೇಳಿಡಿ.

ಮಾಹಿತಿ ಇಟ್ಟುಕೊಂಡು ಆಯ್ಕೆ ಮಾಡುವುದೆಂದರೆ ಮದ್ದಿಲ್ಲದೆ ಹೆರುವ ಹಟ ಎಂದು ಕೆಲವರು ತಿಳಿದಿದ್ದಾರೆ. ಬ್ರಿಟನ್ನಿನಲ್ಲಿ ಮಾಂಟ್ಗೊಮರಿ ಎಂಬ ಗರ್ಭಿಣಿಯ ಪ್ರಕರಣದಲ್ಲಿ ಆದದ್ದು ಅದಕ್ಕೆ ಉಲ್ಟಾ. ಆಕೆಗೆ ಸಕ್ಕರೆ ಕಾಯಿಲೆ, ಮೈಕಟ್ಟು ಸಣ್ಣದು, ಮಗು ದೊಡ್ಡದು. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಂಭವ ಶೇ 9–10 ಇತ್ತು. ಹೇಳಿದರೆ ಸಿಸೇರಿಯನ್ ಕೇಳುತ್ತಾಳೆ ಎಂದು ವೈದ್ಯರು ಹೇಳಲಿಲ್ಲ. ಭುಜ ಸಿಕ್ಕಿಕೊಂಡಿತು, ಮಗುವಿನ ಮೆದುಳಿಗೆ ಹಾನಿಯಾಯಿತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಾಯಿಯ ಪರವಾಗಿ ತೀರ್ಪು ಕೊಟ್ಟಿತು. ಈಗ ಅಲ್ಲಿ ಹೆರುವ ನಮ್ಮ ಕನ್ನಡದ ಹುಡುಗಿಯರಿಗೂ ಅದರ ಲಾಭವಿದೆ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ನಿನ ವಿಷಯವೂ ಹೀಗೆಯೇ. ಅದು ಸಿಸೇರಿಯನ್ನನ್ನು ಹೆಚ್ಚಿಸುವುದಿಲ್ಲ, ಜೀವನಪೂರ್ತಿ ಸೊಂಟನೋವನ್ನೂ ತರುವುದಿಲ್ಲ. ನೋವು ತಡೆದುಕೊಳ್ಳುವುದರಲ್ಲಿ ಯಾವ ಪದಕವೂ ಇಲ್ಲ.

ನಕ್ಷತ್ರ ನೋಡಿ ಸಿಸೇರಿಯನ್ ಮಾಡಿಸುವವರಿಗೂ ಒಂದು ಮಾತು. ಆಶ್ಲೇಷ, ಮೂಲ ತಪ್ಪಿಸಲು ಹೋಗಿ 37ನೇ ವಾರಕ್ಕೇ ಮಗುವನ್ನು ತೆಗೆಸಬೇಡಿ. 39 ವಾರ ತುಂಬುವ ಮೊದಲು, ನೋವೂ ಬಾರದೆ ಆಪರೇಷನ್ನಿನಿಂದ ಹುಟ್ಟಿದ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು. ಮುಹೂರ್ತ ಒಳ್ಳೆಯದಾಗಿ ಮಗು ಎನ್‌ಐಸಿಯುನಲ್ಲಿ ಮಲಗುವಂತಾಗಬಾರದು.

ಹೆರಿಗೆ ಕೋಣೆಯಲ್ಲಿ ನಿಮ್ಮ ಪರವಾಗಿ ಮಾತಾಡುವವರು ಯಾರು? ಸರ್ಕಾರಿ ಆಸ್ಪತ್ರೆಯಲ್ಲೂ ಗರ್ಭಿಣಿಯ ಜೊತೆಗೆ ಹೆತ್ತ ಅನುಭವವಿರುವ ಒಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಮರೆ, ಪರದೆಯ ವ್ಯವಸ್ಥೆ ಸರಿಯಿರುವ ಕಡೆ ಗಂಡನೂ ಇರಬಹುದು. ಬೈಗುಳವಿಲ್ಲದೆ ಗೌರವದಿಂದ ನೋಡಿಕೊಳ್ಳುವುದು 2017ರಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದ ಭಾಗ. ಆದರೂ ಎಲ್ಲ ಕಡೆ ಬಿಡುತ್ತಾರೆಂದು ಹೇಳಲಾರೆ. ಒಬ್ಬ ಸಿಸ್ಟರಿಗೆ ನಾಲ್ಕು ಮಂಚ ಇರುವ ಕಡೆ ಅವರ ಕಷ್ಟವೂ ಇದೆ. ಮೊದಲೇ ಹೋಗಿ ‘ನಮ್ಮಮ್ಮ ಜೊತೆಗಿರ್ತಾರೆ, ಬಿಡ್ತೀರಲ್ವಾ?’ ಎಂದು ಕೇಳಿಟ್ಟರೆ ಆ ರಾತ್ರಿ ಬಾಗಿಲಲ್ಲಿ ಜಗಳ ತಪ್ಪುತ್ತದೆ. ಜೊತೆಗಿರುವವರಿಗೆ ನಿಮ್ಮ ಮನಸ್ಸಿನಲ್ಲಿರುವುದನ್ನೂ ಹೇಳಿರಿ. ಅವರು ಅಲ್ಲಿರುವುದು ನಿಮ್ಮ ಮಾತನ್ನು ದಾಟಿಸಲು, ತಮ್ಮ ಮಾತನ್ನು ಹೇರಲು ಅಲ್ಲ.

ಕಾಪರ್‌-ಟಿ ವಿಷಯವನ್ನೂ ಮೊದಲೇ ತೀರ್ಮಾನಿಸಿ. ಮಾಸು ಬಿದ್ದ ಕೂಡಲೇ ಅದನ್ನು ಹಾಕುವ ಪದ್ಧತಿ ಇದೆ, ಒಳ್ಳೆಯ ಸಾಧನವೇ. ಆದರೆ ನೋವಿನ ಮಧ್ಯೆ ‘ಹಾಕ್ಲಾ?’ ಎಂದು ಕೇಳಿ ‘ಹೂಂ’ ಅನ್ನಿಸಿಕೊಂಡದ್ದು ಒಪ್ಪಿಗೆಯಲ್ಲ. ಎರಡನೆಯ ಹೆರಿಗೆಯ ಜೊತೆಗೇ ಮಾಡುವ ಸಂತಾನಹರಣ ಆಪರೇಷನ್ನಿಗೂ ಇದೇ ಮಾತು ಅನ್ವಯ.

ಇಷ್ಟೆಲ್ಲ ಪ್ರಶ್ನೆ ಕೇಳಿ ಎಂದವಳೇ ಈಗ ಕೇಳಬೇಡಿ ಎನ್ನುವ ಸಂದರ್ಭಗಳೂ ಇವೆ. ರಕ್ತ ಧಾರೆಯಾಗಿ ಹೋಗುತ್ತಿದೆ, ಫಿಟ್ಸ್ ಬಂದಿದೆ, ಮಗುವಿಗಿಂತ ಮೊದಲು ಬಳ್ಳಿ ಜಾರಿ ಬಂದಿದೆ, ಮಗುವಿನ ಎದೆಬಡಿತ ಇಳಿದದ್ದು ಮೇಲೇಳುತ್ತಿಲ್ಲ. ಇಂಥ ಹೊತ್ತಿನಲ್ಲಿ ನಿಮಿಷಗಳ ಲೆಕ್ಕ. ಸಹಿ ಹಾಕಿ, ಆಮೇಲೆ ಕೇಳಿ. ‘ಇದು ಈಗಲೇ ಆಗಬೇಕಾ, ಅರ್ಧ ಗಂಟೆ ಯೋಚಿಸಬಹುದಾ?’ ಎಂಬ ಒಂದೇ ಪ್ರಶ್ನೆ ತುರ್ತಿಗೂ ಅವಸರಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿಡುತ್ತದೆ. ಮನೆಯಲ್ಲಿದ್ದಾಗ ಮಗುವಿನ ಓಡಾಟ ಕಡಿಮೆ ಅನಿಸಿದರೆ, ಕಣ್ಣು ಮಂಜಾಗಿ ತಲೆ ಸಿಡಿಯುತ್ತಿದ್ದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.

ಹೆರಿಗೆ ಮುಗಿದು ಮನೆಗೆ ಹೊರಡುವ ದಿನ ಬಿಲ್ಲು, ಕಾರು, ಮಗುವಿನ ಟೋಪಿ, ಸ್ವೆಟರಿನ ಗಲಾಟೆಯಲ್ಲಿ ಡಿಸ್ಚಾರ್ಜ್ ಸಮ್ಮರಿಯನ್ನು ಯಾರೂ ಓದುವುದಿಲ್ಲ. ಸಿಸೇರಿಯನ್ ಆಗಿದ್ದರೆ ಯಾವ ಕಾರಣಕ್ಕೆ, ನೋವು ಎಷ್ಟು ಮುಂದುವರಿದಿತ್ತು, ಗರ್ಭಕೋಶವನ್ನು ಅಡ್ಡವಾಗಿ ಕೊಯ್ದದ್ದೋ ಉದ್ದವಾಗಿಯೋ ಎಂಬುದು ಅದರಲ್ಲಿರಲಿ. ಚರ್ಮದ ಮೇಲಿನ ಗಾಯ ಅಡ್ಡಕ್ಕಿದ್ದರೆ ಒಳಗಿನದೂ ಹಾಗೇ ಇರಬೇಕೆಂದಿಲ್ಲ. ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬೇಕೆಂದರೆ ಹೊಸ ವೈದ್ಯರು ಮೊದಲು ಕೇಳುವುದು ಇದನ್ನೇ. ಸರಿಯಾಗಿ ಆರಿಸಿದವರಲ್ಲಿ ನೂರಕ್ಕೆ 60ರಿಂದ 80 ಜನರಿಗೆ ಆ ಪ್ರಯತ್ನ ಫಲಿಸುತ್ತದೆ. ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಸುಮಾರು 200ಕ್ಕೆ ಒಂದು. ಅದಕ್ಕೇ ರಕ್ತ, ಅರಿವಳಿಕೆ ತಜ್ಞರು, ಆಪರೇಷನ್ ಥಿಯೇಟರು ರಾತ್ರಿಯೂ ಸಿಗುವ ಆಸ್ಪತ್ರೆಯಲ್ಲಿ ಮಾತ್ರ ಆ ಪ್ರಯತ್ನ. ಸಮ್ಮರಿಯಲ್ಲಿ ಈ ವಿವರ ಇಲ್ಲದಿದ್ದರೆ ಆಪರೇಷನ್ ಟಿಪ್ಪಣಿಯ ಪ್ರತಿ ಬೇಕೆಂದು ಬರೆದುಕೊಡಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲೇ ಇದೆ. ಬಂದ ಪ್ರತಿಯನ್ನು ತಾಯಿ ಕಾರ್ಡಿನ ಜೊತೆಗೇ ಇಡಿ, ಮೊಬೈಲಿನಲ್ಲೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.