ದಿನದ ಚಿಂತನೆ: ಜೊತೆಗೆ ಓದುವವರ ಮೇಲಿನ ಗೌರವ

 

ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಯಹೂದಿಗಳು ಪಸ್ಕ ಹಬ್ಬ ಆಚರಿಸುತ್ತಾರೆ. ಅದರ ಎರಡನೇ ರಾತ್ರಿಯಿಂದ 49 ದಿನ, 'ಇಂದು ಇಷ್ಟನೇ ದಿನ' ಎಂದು ಪ್ರತಿ ರಾತ್ರಿ ಎಣಿಸುತ್ತಾರೆ. ಇದೇ ಓಮೆರ್ ಎಣಿಕೆ. 50ನೇ ದಿನ ಶಾವುಓತ್ ಹಬ್ಬ; ತಮ್ಮ ಧರ್ಮಗ್ರಂಥ ತೋರಾ ದೊರೆತ ದಿನವೆಂದು ಅವರ ನಂಬಿಕೆ. ಬಿಡುಗಡೆಯೊಂದೇ ಸಾಲದು, ಅರಿವೂ ಬೇಕು. ಅದಕ್ಕೇ ಈ ವಾರಗಳಲ್ಲಿ ಹಲವರು ಹಿರಿಯರ ನೀತಿಮಾತುಗಳ 'ಪಿರ್ಕೇ ಆವೋತ್' ಓದುತ್ತಾರೆ.

ಇವು ಶೋಕದ ದಿನಗಳೂ ಹೌದು. ರಬ್ಬಿ ಅಕಿವಾ ಎಂಬ ಗುರುವಿನ 12,000 ಜೋಡಿ ಶಿಷ್ಯರು ಇದೇ ಅವಧಿಯಲ್ಲಿ ತೀರಿಕೊಂಡರು ಎನ್ನುತ್ತದೆ ತಾಲ್ಮುದ್. ಅದು ಕೊಡುವ ಕಾರಣ ಒಂದೇ: ಅವರು ಒಬ್ಬರನ್ನೊಬ್ಬರು ಗೌರವಿಸಲಿಲ್ಲ. ಅಷ್ಟು ದೊಡ್ಡ ಗುರುವಿನ ಪಾಠ ಕೇಳಿದವರಿಗೆ, ಪಕ್ಕದಲ್ಲಿ ಕೂತು ಓದುವವನ ಬೆಲೆ ತಿಳಿಯಲಿಲ್ಲ.

ಅಕಿವಾ ಕೈಚೆಲ್ಲಲಿಲ್ಲ. ಐವರು ಹೊಸ ಶಿಷ್ಯರಿಗೆ ಮತ್ತೆ ಪಾಠ ಶುರುಮಾಡಿದರು. ಆ ಐವರಿಂದಲೇ ವಿದ್ಯೆ ಉಳಿಯಿತು ಎನ್ನುತ್ತದೆ ಅದೇ ಗ್ರಂಥ.

ಇಂದು ನಮ್ಮನ್ನೇ ಕೇಳಿಕೊಳ್ಳೋಣ: ಕಳೆದ ಬಾರಿ ಓದಲು ಕೂತಾಗ ನಾನು ಯಾರ ಮಾತನ್ನು ಅರ್ಧಕ್ಕೇ ತಡೆದೆ?