ಸನ್ನಿಯನ್ನು ತಡೆಯಬಲ್ಲುದೇ ವಿದ್ಯುತ್ತು?

ಹೃದಯದ ಶಸ್ತ್ರಕ್ರಿಯೆ ಸಫಲವಾಗಿದೆ. ನಾಡಿಯೂ ರಕ್ತದೊತ್ತಡವೂ ಸರಿಯಾಗಿವೆ. ಆದರೆ ಎರಡನೆಯ ದಿನ ರೋಗಿಯು ತನ್ನ ಮಗನನ್ನೇ ಗುರುತಿಸಲಾರನು, ಹಗಲನ್ನು ಇರುಳೆನ್ನುವನು, ಕೈಗೆ ಚುಚ್ಚಿದ ನಳಿಕೆಗಳನ್ನು ಕಿತ್ತೆಸೆಯಲು ಹವಣಿಸುವನು. ಇದು ಹುಚ್ಚಲ್ಲ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದರು. ಹೆಚ್ಚಾಗಿ ವೃದ್ಧರನ್ನು ಕಾಡುವ ಈ ಸ್ಥಿತಿ ಬಹುಮಟ್ಟಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ನೆನಪಿನ ಕುಂದನ್ನು ಉಳಿಸಿಹೋಗುವುದುಂಟು.

ಇದಕ್ಕೆ ಕಾರಣವೇನು? ವಯಸ್ಸು, ಔಷಧ, ನಿದ್ರಾಭಂಗ ಮೊದಲಾಗಿ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ನಾವು ಇಲ್ಲಿ ವಿಚಾರಿಸೋಣ. 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಮೊದಲು ಯಶಸ್ವಿಯಾಗಿ ಬಳಸಿದ ಹೃದಯ-ಶ್ವಾಸಕೋಶ ಯಂತ್ರದಲ್ಲಿ ರಕ್ತವು ದೇಹದ ಹೊರಗೆ ಕೃತಕ ನಳಿಕೆಗಳಲ್ಲಿ ಹರಿಯುತ್ತದೆ. ಈ ಸ್ಪರ್ಶವೂ ಶಸ್ತ್ರದ ಗಾಯವೂ ಸೇರಿ ದೇಹದಲ್ಲೆಲ್ಲ ಉರಿಯೂತವನ್ನು ಎಬ್ಬಿಸುತ್ತವೆ. ಅದರ ರಾಸಾಯನಿಕ ಸಂದೇಶಗಳು ಮಿದುಳಿನ ಕೆಲಸವನ್ನೂ ಕದಡುತ್ತವೆಂದು ತಜ್ಞರು ಭಾವಿಸಿದ್ದಾರೆ.

ಈ ಉರಿಯನ್ನು ತಣಿಸಬಲ್ಲ ತಂತಿಯೊಂದು ದೇಹದಲ್ಲಿಯೇ ಇದೆ. ಮಿದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರವೇ ಅದು. 1921ರಲ್ಲಿ ಆಟೊ ಲೋವಿ ಕಪ್ಪೆಯ ಹೃದಯವೊಂದರ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಎರೆದರು. ಎರಡನೆಯದರ ಬಡಿತವೂ ನಿಧಾನವಾಯಿತು. ನರವು ರಾಸಾಯನಿಕದ ಮೂಲಕ ಆಜ್ಞೆ ಕೊಡುವುದೆಂದು ಹೀಗೆ ತಿಳಿಯಿತು. 2000ರಲ್ಲಿ ಕೆವಿನ್ ಟ್ರೇಸಿ ಮತ್ತು ಸಂಗಡಿಗರು ಇಲಿಗಳಲ್ಲಿ ಇದೇ ನರದ ಪ್ರಚೋದನೆಯಿಂದ ಉರಿಯೂತದ ಸಂದೇಶಗಳು ತಗ್ಗುವುದನ್ನು ತೋರಿಸಿದರು.

ವೇಗಸ್ಸಿನ ಒಂದು ಕವಲು ಹೊರಗಿವಿಯ ಬಟ್ಟಲಿನ ಚರ್ಮಕ್ಕೆ ಬರುತ್ತದೆ. ಆದುದರಿಂದ ಕೊಯ್ಯದೆಯೇ, ಅಲ್ಲಿ ವಿದ್ಯುದಗ್ರಗಳನ್ನಿರಿಸಿ ಅದನ್ನು ಪ್ರಚೋದಿಸಬಹುದು. ಸೆಕೆಂಡಿಗೆ 25 ಸ್ಪಂದಗಳು, ಪ್ರತಿಯೊಂದೂ 1 ಮಿಲಿಆಂಪೇರ್ ಪ್ರವಾಹದ್ದು, 250 ಮೈಕ್ರೊಸೆಕೆಂಡು ಅವಧಿಯದು ಎಂದಿಟ್ಟುಕೊಳ್ಳೋಣ. ವಿದ್ಯುದಾವೇಶವೆಂದರೆ ಪ್ರವಾಹ ಮತ್ತು ಕಾಲಗಳ ಗುಣಲಬ್ಧವಷ್ಟೆ. ಆದ್ದರಿಂದ ಒಂದು ಸ್ಪಂದದ ಆವೇಶ 0.25 ಮೈಕ್ರೊಕೂಲಂಬ್. ಒಂದು ಸೆಕೆಂಡಿನಲ್ಲಿ ಪ್ರವಾಹವಿರುವುದು ಒಟ್ಟು 6.25 ಮಿಲಿಸೆಕೆಂಡು ಮಾತ್ರ. ಉಳಿದ ಕಾಲವೆಲ್ಲ ವಿಶ್ರಾಂತಿ.

ಇಷ್ಟು ಅಲ್ಪವಾದ ವಿದ್ಯುತ್ತಿನಿಂದ ಸನ್ನಿ ತಪ್ಪುವುದೇ? ಇದು ಇನ್ನೂ ಪರೀಕ್ಷೆಯ ಹಂತದಲ್ಲಿರುವ ಉಪಾಯ. ಸನ್ನಿ ತಾನಾಗಿಯೂ ಇಳಿಯುವುದರಿಂದ, ಗುಣ ಕಂಡ ಮಾತ್ರಕ್ಕೆ ವಿದ್ಯುತ್ತೇ ಕಾರಣವೆನ್ನಲಾಗದು. ಅದಕ್ಕಾಗಿ ಒಂದು ಗುಂಪಿಗೆ ಪ್ರವಾಹವನ್ನು ಕೊಟ್ಟು, ಇನ್ನೊಂದಕ್ಕೆ ಬರಿಯ ವಿದ್ಯುದಗ್ರಗಳನ್ನಿರಿಸಿ ಹೋಲಿಸಬೇಕು. ಯಾರಿಗೆ ಯಾವುದೆಂಬುದು ರೋಗಿಗೂ ಪರೀಕ್ಷಕನಿಗೂ ತಿಳಿದಿರಬಾರದು.

ಅಲ್ಲಿಯವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ರೋಗಿಯ ಕನ್ನಡಕವನ್ನು ಅವನಿಗೆ ಮರಳಿ ಕೊಡುವುದು, ಕಾಣುವಂತೆ ಗಡಿಯಾರವಿಡುವುದು, ರಾತ್ರಿ ನಿದ್ದೆಗೆ ಅನುವು ಮಾಡುವುದು, ಪರಿಚಿತ ದನಿಯಲ್ಲಿ ಮೆಲ್ಲಗೆ ಮಾತನಾಡಿಸುವುದು: ಇವು ನಮ್ಮ ಕೈಯಲ್ಲಿರುವ ಉಪಾಯಗಳು.