ಮಣ್ಣಿನೆತ್ತು, ಮನೆಯ ಎತ್ತು: ಎಳೆಯರಿಗೆ ದಯೆಯ ಪಾಠ

ಜ್ಯೇಷ್ಠ ಮಾಸದ ಕಡೆಯ ದಿನವಾದ ಮಣ್ಣೆತ್ತಿನ ಅಮಾವಾಸ್ಯೆಯಂದು ಮೇಲವಂಕಿ ಮೊದಲಾದ ಗೋಕಾಕ ಸೀಮೆಯ ಹಳ್ಳಿಗಳಲ್ಲಿ ಮಣ್ಣನ್ನು ಹದವಾಗಿ ಕಲಸಿ, ಜೋಡೆತ್ತುಗಳನ್ನೂ ಅವುಗಳ ಮುಂದೊಂದು ಗೋದಲಿಯನ್ನೂ ಮಾಡಿ ಪೂಜಿಸುವ ವಾಡಿಕೆಯುಂಟು. ಎಳೆಯ ಮಕ್ಕಳಿಗೆ ಅಂದು ಹಿಡಿಸಲಾರದ ಸಂತೋಷ. ಆದರೆ ಮಣ್ಣಿನೆತ್ತಿಗೆ ಕೈಮುಗಿದ ಅದೇ ಮಗುವು ಮರುದಿನ ನೆರಳಿನಲ್ಲಿ ಮಲಗಿದ ನಾಯಿಗೆ ಕಲ್ಲೆಸೆಯುವುದು. ಹಾರುವ ಹುಳದ ಬಾಲಕ್ಕೆ ದಾರ ಕಟ್ಟಿ ಎಳೆಯುವುದು. ನೋಡಿದ ಹಿರಿಯರು ನಕ್ಕು ಸುಮ್ಮನಾಗುವರು. ಆ ಪೂಜೆಗೂ ಈ ಆಟಕ್ಕೂ ವಿರೋಧವಿದೆಯೆಂಬುದು ಮಗುವಿಗೆ ತಾನಾಗಿ ತೋರದು.

ಮಗುವಿಗಿರಲಿ, ದೊಡ್ಡವರಿಗೂ ಅದು ತೋರದೆಂಬುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಕಂಡಿದ್ದರು. ಶಿಲೆಯಲ್ಲಿ ಕೊರೆದ ಹಾವಿಗೆ ಸಲ್ಲುವ ಆದರವು ಹೊಲದಲ್ಲಿ ಹರಿದಾಡುವ ಹಾವಿಗೆ ಸಲ್ಲದಿರುವ ಸೋಜಿಗವನ್ನು ಅವರ ವಚನವೊಂದು ಎತ್ತಿ ತೋರಿಸುವುದು. ನಾಗರಪಂಚಮಿಯು ಬಂದಾಗ ತಾಯಿಯಾದವಳು ಆ ವಚನದ ಅರ್ಥವನ್ನು ಮಗುವಿಗೆ ಕಥೆಯಂತೆ ಹೇಳಬಹುದು. ಹಾಲು ಹಾವಿನ ಆಹಾರವಲ್ಲ. ಕಾಳುಕಡಿಯನ್ನು ತಿನ್ನುವ ಇಲಿಗಳೇ ಅದರ ಆಹಾರ, ಆದುದರಿಂದ ಅದು ಒಕ್ಕಲಿಗನಿಗೆ ನೆರವಾಗುವ ಜೀವಿಯೆಂದು ತಿಳಿಸಬೇಕು. ಹಾಗೆಂದು ಹಾವನ್ನು ಮುಟ್ಟಲು ಕಲಿಸುವುದು ದಯೆಯಲ್ಲ, ಅವಿವೇಕ. ಕಂಡರೆ ದೂರ ನಿಲ್ಲುವುದು, ಹಿರಿಯರನ್ನು ಕೂಗುವುದು, ಕಲ್ಲೆತ್ತದಿರುವುದು: ಈ ಮೂರನ್ನು ಐದು ವರ್ಷದ ಮಗುವೂ ಕಲಿಯಬಲ್ಲುದು. ಭಯವೂ ದಯೆಯೂ ಒಂದೇ ಎದೆಯಲ್ಲಿ ಇರಬಾರದೆಂಬ ನಿಯಮವೇನೂ ಇಲ್ಲ.

ಇನ್ನು ನಾಯಿಗೆ ಕಲ್ಲೆಸೆದ ಮಗುವನ್ನು ಏನು ಮಾಡಬೇಕು? ಹಲವು ತಂದೆಗಳು ಎರಡೇಟು ಬಿಗಿಯುವರು. ಬಲವುಳ್ಳವನು ಬಲವಿಲ್ಲದವನನ್ನು ಹೊಡೆಯಬಹುದೆಂಬ ಪಾಠವನ್ನೇ ಮಗುವು ಅದರಿಂದ ಮತ್ತಷ್ಟು ಗಟ್ಟಿಯಾಗಿ ಕಲಿಯುವುದು. ಎಳೆಯ ಮಕ್ಕಳು ಹುಳಹುಪ್ಪಟೆಗಳನ್ನು ಪೀಡಿಸುವುದು ಬಹುಮಟ್ಟಿಗೆ ಕುತೂಹಲದಿಂದ. ತನಗೆ ಚಿವುಟಿದರೆ ನೋಯುವಂತೆ ಅದಕ್ಕೂ ನೋಯುವುದೆಂಬ ತಿಳಿವು ಅವುಗಳಲ್ಲಿ ಇನ್ನೂ ಮೂಡಿರುವುದಿಲ್ಲ. ಆ ತಿಳಿವು ಉಪದೇಶದಿಂದ ಬರುವುದಕ್ಕಿಂತ ಕೈಯಿಂದ ಬರುವುದು. ಮಗುವಿನ ಕೈಹಿಡಿದು ಎತ್ತಿನ ಹತ್ತಿರ ಕರೆದೊಯ್ದು, ನೊಗ ಉಜ್ಜಿ ಕೆಂಪಾದ ಹೆಗಲನ್ನು ತೋರಿಸಬೇಕು. ಅಲ್ಲಿ ಮೆಲ್ಲನೆ ಎಣ್ಣೆ ಸವರಿಸಬೇಕು. ಎತ್ತು ಚರ್ಮವನ್ನು ನಡುಗಿಸಿದಾಗ ಮಗುವು ತಾನೇ ಕೈಯನ್ನು ಹಿಂದೆಗೆಯುವುದು. ಆ ಒಂದು ಕ್ಷಣದ ಪಾಠವನ್ನು ನೂರು ಮಾತುಗಳೂ ಕಲಿಸಲಾರವು.

ಬೇಸಗೆಯಲ್ಲಿ ಹಕ್ಕಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಡುವ ಕೆಲಸವನ್ನು ಮಗುವಿಗೇ ವಹಿಸಬೇಕು. ಅದು ಮರೆತ ದಿನ ತಾಯಿಯು ತಾನು ಇಟ್ಟುಬಿಡದೆ, ಬರಿದಾದ ತಟ್ಟೆಯನ್ನು ಅದಕ್ಕೆ ತೋರಿಸಬೇಕು. ಅಂಗಳಕ್ಕೆ ಬಂದ ಕಾಗೆಯು ಒಂದು ತುತ್ತಿಗೂ ತನ್ನ ಬಳಗವನ್ನೆಲ್ಲ ಕೂಗುವುದನ್ನು ನೋಡಲು ಬಿಡಬೇಕು. ಕಾಗೆ ಕೋಳಿಗಳ ಈ ನಡತೆಯನ್ನೇ ಬಸವಣ್ಣನವರು ಭಕ್ತರ ಮುಂದೆ ಮಾದರಿಯಾಗಿ ಇಟ್ಟಿರುವರು. ದಾಸೋಹವೆಂಬ ಶಬ್ದವು ಮಗುವಿಗೆ ಮುಂದೆಂದಾದರೂ ತಿಳಿಯಲಿ, ಅದರ ರುಚಿಯು ಈಗಲೇ ಹತ್ತುವುದು.

ಮಕ್ಕಳಿಗೆ ಕಲಿಸುವ ಮೊದಲು ಹಿರಿಯರ ನಡತೆಯನ್ನು ಒರೆಗೆ ಹಚ್ಚಬೇಕಾಗುವುದು. ಘಟಪ್ರಭೆಯ ನೀರಾವರಿಯ ಈ ಸೀಮೆಯಲ್ಲಿ ಕಬ್ಬೇ ಮುಖ್ಯ ಬೆಳೆ. ಟ್ರ್ಯಾಕ್ಟರುಗಳು ಹೆಚ್ಚಿದ್ದರೂ ಕಬ್ಬು ಹೇರಿದ ಎತ್ತಿನ ಗಾಡಿಗಳು ಇನ್ನೂ ಅಲ್ಲಲ್ಲಿ ಕಾಣುವುವು. ಏರಿನಲ್ಲಿ ಎತ್ತು ಮೊಣಕಾಲೂರಿದಾಗ ಬಾರಕೋಲು ಬೀಸುವವನನ್ನು ದಾರಿಯ ಮಕ್ಕಳು ನೋಡುತ್ತ ನಿಂತಿರುವುವು. ಅತಿಭಾರ ಹೇರುವುದನ್ನು 1960ರ ಪ್ರಾಣಿಹಿಂಸಾ ನಿವಾರಣೆಯ ಕಾನೂನು ಅಪರಾಧವೆಂದಿದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲಿನ ಅನುಕಂಪವೂ ಒಂದು. ಆದರೆ ಮಗುವು ಓದುವುದು ಕಾನೂನನ್ನಲ್ಲ, ಬಾರಕೋಲನ್ನು.

ಎಲ್ಲಕ್ಕಿಂತ ಕಠಿಣವಾದುದು ಮುದಿಯೆತ್ತಿನ ಪ್ರಶ್ನೆ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಮಕ್ಕಳು ಒಂದು ಕುಂಟೆತ್ತನ್ನು ಹಿಡಿದು ಮನೆಮನೆಗೆ ಹೋಗಿ, ಅದರ ಹೆಸರಿನಲ್ಲಿ ಜೋಳ ಬೇಡುವ ಪದ್ಧತಿ ಈ ನಾಡಿನದು. ಗಟ್ಟಿಮುಟ್ಟಾದ ಎತ್ತಿಗೆ ಬೇಡುವುದಿಲ್ಲ. ದುಡಿಯಲಾರದ ಕುಂಟನಿಗೆ ಬೇಡುವರು. ಇದನ್ನು ಮೊದಲು ಯೋಚಿಸಿದವರು ದೊಡ್ಡ ಗುರುಗಳೇ ಆಗಿರಬೇಕು! ಹೀಗೆ ಬೇಡಿಬಂದ ಮಗುವು, ತನ್ನ ಮನೆಯಲ್ಲಿ ಹನ್ನೆರಡು ವರ್ಷ ದುಡಿದ ಎತ್ತು ಸಂತೆಗೆ ಹೊರಟಾಗ, “ಅಪ್ಪಾ, ಇದನ್ನು ಯಾರು ಸಾಕುವರು?” ಎಂದು ಕೇಳದಿರದು. ಮೇವಿನ ಬೆಲೆಯೂ ಮನೆಯ ಸಾಲವೂ ಸುಳ್ಳಲ್ಲ. ಒಕ್ಕಲಿಗನ ಬಡತನವನ್ನು ಅರಿಯದೆ ಅವನಿಗೆ ಬುದ್ಧಿ ಹೇಳುವುದು ಸುಲಭ. ಆದರೂ “ಒಳ್ಳೆಯವರು ಒಯ್ಯುವರು” ಎಂದು ಮಗುವಿಗೆ ಸುಳ್ಳಾಡಬಾರದು. ಸಾಧ್ಯವಿದ್ದವನು ಒಂದು ಹಿಡಿ ಮೇವನ್ನು ಹೆಚ್ಚಿಗೆ ಕೂಡಿಸಿ, ಎತ್ತನ್ನು ಹಿತ್ತಲಿನಲ್ಲಿಯೇ ಉಳಿಸಿಕೊಂಡು, ಸಂಜೆಯ ನೀರಿನ ಕೊಡವನ್ನು ಆ ಮಗುವಿನ ಕೈಗೇ ಕೊಡುವನು. ಸಾಧ್ಯವಿಲ್ಲದವನು ಮಗುವಿನೆದುರು ತಲೆತಗ್ಗಿಸಿ, ಇದ್ದುದನ್ನು ಇದ್ದಂತೆ ಹೇಳಿ, ಹೊರಡುವ ಎತ್ತಿನ ಹಣೆಯನ್ನು ಅದರಿಂದ ಮುಟ್ಟಿಸಿ ಕಳುಹಿಸುವನು.